ನಿಘಂಟನ್ನು ಕೊನೆಗೆ ತೆರೆ

ಪ್ರೀತಿಯ ತಂಗಿಗೆ,

ನಿನ್ನ ಕಾಗದವೂ ಅದರ ಜೊತೆಗಿಟ್ಟ ಏಕಾಂಕವೂ ತಲುಪಿದವು. ಏಕಾಂಕದ ಮಾತು ಆಮೇಲೆ, ಮೊದಲು ನಿನ್ನ ದೂರು. ಬಿ.ಎಂ.ಶ್ರೀಯವರ ‘ಗದಾಯುದ್ಧ ನಾಟಕಂ’ ಪಾಠಕ್ಕಿದೆ, ನೋಟ್‌ಪುಸ್ತಕದ ಎಡಗಡೆ ಪದ, ಬಲಗಡೆ ಅರ್ಥ ಬರೆದು ಬರೆದು ಕೈ ಸೋತಿದೆ, ಮುಂದಿನ ವಾರಕ್ಕೆ ಒಂದೂ ನೆನಪಿನಲ್ಲಿರುವುದಿಲ್ಲ ಅಂತೀಯ. ಅಷ್ಟೇ ಆಗಿದ್ದರೆ ನಾನು ಈ ಉದ್ದದ ಉತ್ತರ ಬರೆಯುತ್ತಿರಲಿಲ್ಲ. ‘ಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ತರಗತಿಯಲ್ಲಿ ಮಾತ್ರ ಕನ್ನಡ, ಕಾಸರಗೋಡಿನ ನಮಗೆ ಹಳಗನ್ನಡ ದಕ್ಕೀತೇ?’ ಎಂದು ಕೇಳಿದ್ದೀಯಲ್ಲ, ಅದಕ್ಕೆ ಬರೆಯಬೇಕಾಯಿತು. ಹಳಗನ್ನಡದ ಮಟ್ಟಿಗೆ ಬೆಂಗಳೂರು, ಮೈಸೂರಿನ ಹುಡುಗರಿಗಿಂತ ನೀನೇ ಅನುಕೂಲಸ್ಥಳು. ಆ ಮೂರೂ ಭಾಷೆ ಇರುವುದರಿಂದಲೇ.

ಆ ಎಡ-ಬಲದ ಪಟ್ಟಿ ಇವತ್ತಿಗೇ ನಿಲ್ಲಿಸು. ಪಟ್ಟಿಗೆ ಹೋದ ಪದ ಯಾರ ಬಾಯಿಯದೂ ಅಲ್ಲದ ಪದ. ನಾಟಕದಲ್ಲಿ ಹಾಗೆ ಅನಾಥವಾದ ಪದ ಒಂದೂ ಇಲ್ಲ. ಯಾರೋ ಒಬ್ಬ, ಯಾರಿಗೋ, ಎಲ್ಲೋ ನಿಂತು ಹೇಳಿದ್ದೇ ಎಲ್ಲವೂ. ಇನ್ನೊಂದು ವಿಷಯ: ಈ ನಾಟಕ ಕಷ್ಟವೆನಿಸಿದರೆ ನಾಚಿಕೆಪಡಬೇಕಾದ್ದಿಲ್ಲ. ಶ್ರೀಯವರು ಇದನ್ನು ಹೊರತಂದದ್ದು 1926ರಲ್ಲಿ, ಆದರೆ ಮಾತು ಅವರದಲ್ಲ, ರನ್ನನದು. ಮುದುವೊಳಲಿನ, ಅಂದರೆ ಈಗಿನ ಮುಧೋಳದ, ಬಳೆಗಾರರ ಮನೆಯ ಹುಡುಗ ಹತ್ತನೆಯ ಶತಮಾನದ ಕೊನೆಗೆ ಚಾಲುಕ್ಯರ ಆಸ್ಥಾನದಲ್ಲಿ ಬರೆದ ಕಾವ್ಯ ಅದು. ಅದರ ಪದ್ಯಗಳನ್ನೇ ಆಯ್ದು ಜೋಡಿಸಿ ನಾಟಕವಾಗಿಸಿದ್ದು. 1926ರಲ್ಲಿ ಅದನ್ನು ಓದಿದವರಿಗೂ ಅದು ಮನೆಮಾತಾಗಿರಲಿಲ್ಲ.

ರನ್ನನ ಕಾವ್ಯದ್ದೇ ಒಂದು ಕಂದ, ಅಂದರೆ ನಾಲ್ಕು ಸಾಲಿನ ಪದ್ಯ, ತೆಗೆದುಕೊಳ್ಳೋಣ. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ, ದಡದಲ್ಲಿ ಭೀಮ ಗರ್ಜಿಸುತ್ತಿದ್ದಾನೆ.

ಆ ರವಮಂ ನಿರ್ಜಿತಕಂ
ಠೀರವರವಮಂ ನಿರಸ್ತಘನರವಮಂ ಕೋ
ಪಾರುಣನೇತ್ರಂ ಕೇಳ್ದಾ
ನೀರೊಳಗಿರ್ದುಂ ಬೆಮರ್ತನುರಗಪತಾಕಂ

ನಿನ್ನ ಪಟ್ಟಿಯಲ್ಲಿ ‘ಠೀರವ’ ಇದೆ, ‘ಪಾರುಣನೇತ್ರ’ ಇದೆ. ಎರಡರ ಮುಂದೆಯೂ ಪ್ರಶ್ನೆಚಿಹ್ನೆ. ಯಾವ ನಿಘಂಟಿನಲ್ಲೂ ಅವು ಸಿಗಲಾರವು, ಯಾಕೆಂದರೆ ಅವು ಪದಗಳೇ ಅಲ್ಲ. ಕಂದದ ಸಾಲುಗಳಿಗೆ ಹನ್ನೆರಡು, ಇಪ್ಪತ್ತು, ಹನ್ನೆರಡು, ಇಪ್ಪತ್ತು ಮಾತ್ರೆಯ ಲೆಕ್ಕ. ಲೆಕ್ಕ ತುಂಬಿದಲ್ಲಿ ಸಾಲು ಮುರಿಯುತ್ತದೆ, ಪದ ಮುಗಿಯಿತೋ ಇಲ್ಲವೋ ನೋಡುವುದಿಲ್ಲ. ‘ಕಂಠೀರವ’ದ ತಲೆ ಮೊದಲನೆಯ ಸಾಲಿನಲ್ಲಿ, ಮೈ ಎರಡನೆಯದರಲ್ಲಿ. ‘ಕೋಪಾರುಣನೇತ್ರ’ಕ್ಕೂ ಅದೇ ಗತಿ. ಮೂರನೆಯ ಸಾಲಿನ ಕೊನೆಯಲ್ಲಿ ‘ಕೇಳ್ದು’ ಮತ್ತು ‘ಆ’ ಕೂಡಿಕೊಂಡು ‘ಕೇಳ್ದಾ’ ಆಗಿದೆ. ನಾಲ್ಕನೆಯದರಲ್ಲಿ ‘ಬೆಮರ್ತನ್’ ಎಂಬುದು ‘ಉರಗಪತಾಕಂ’ ಎಂಬುದಕ್ಕೆ ಅಂಟಿದೆ. ನಿನ್ನ ‘ಕಠಿಣ ಪದ’ಗಳಲ್ಲಿ ಬಹಳಷ್ಟು ಹೀಗೆ ಕತ್ತರಿಸಿದವು ಅಥವಾ ಅಂಟಿಸಿದವು. ಹಾಗಾಗಿ ಮೊದಲ ಕೆಲಸ ಅರ್ಥ ಹುಡುಕುವುದಲ್ಲ, ಬಿಡಿಸುವುದು. ನಾಲ್ಕು ನಾಲ್ಕು ಮಾತ್ರೆಗೆ ಪೆನ್ಸಿಲ್ ಗೆರೆ ಹಾಕಿ ಪ್ರಸ್ತಾರ ಮಾಡು. ಆಮೇಲೆ ಆ ಗೆರೆಗಳನ್ನೆಲ್ಲ ಮರೆತು ಗದ್ಯದಂತೆ ಒಂದೇ ಉಸಿರಿಗೆ ಸಾಲಾಗಿ ಬರೆ. ಛಂದಸ್ಸನ್ನು ಪರೀಕ್ಷೆಯ ಹತ್ತು ಅಂಕಕ್ಕೆಂದು ಕಲಿಸುತ್ತಾರೆ, ಓದುವ ಉಪಕರಣವೆಂದು ಹೇಳಿಕೊಡುವವರು ಕಡಿಮೆ.

ಬಿಡಿಸಿದ ಮೇಲೆ ಉಳಿಯುವುದೇನು? ಸಿಂಹದ ಗರ್ಜನೆಯನ್ನು ಸೋಲಿಸಿದ, ಮೋಡದ ಗುಡುಗನ್ನು ಮೂಲೆಗೊತ್ತಿದ ಆ ಸದ್ದನ್ನು ಕೇಳಿ, ಸಿಟ್ಟಿಗೆ ಕಣ್ಣು ಕೆಂಪಾದ ದುರ್ಯೋಧನ ನೀರೊಳಗಿದ್ದೂ ಬೆವರಿದ. ಇಷ್ಟನ್ನು ಯಾವ ಗೈಡೂ ಹೇಳುತ್ತದೆ. ಆದರೆ ಬೆವರಿದ್ದು ಯಾತಕ್ಕೆ? ಸಿಟ್ಟಿಗೋ ಹೆದರಿಕೆಗೋ? ‘ಕೋಪಾರುಣನೇತ್ರ’ ಅಂದದ್ದರಿಂದ ಸಿಟ್ಟಿಗೆ ಎನ್ನಬಹುದು. ಮೂರು ಸಲ ‘ರವ’ ‘ರವ’ ಎಂದು ಭೀಮನ ಸದ್ದನ್ನೇ ಮೊಳಗಿಸಿದ್ದರಿಂದ ಒಳಗೆಲ್ಲೋ ಅಳುಕಿತು ಎನ್ನಲೂಬಹುದು. ಪದದ ಅರ್ಥ ಗೊತ್ತಾದ ಮೇಲೆ ಶುರುವಾಗುವ ಪ್ರಶ್ನೆ ಇದು, ಮತ್ತು ನಾಟಕ ಬರೆಯಹೊರಟ ನಿನಗೆ ಬೇಕಾದ್ದೂ ಇದೇ. ವೇಷ ಹಾಕುವವನು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು. ಅವನು ಆರಿಸಿದ ಮೇಲೆ ‘ಬೆಮರ್’ ನಿನಗೆ ಮರೆಯುವುದು ಕಷ್ಟ.

ನಮ್ಮಲ್ಲಿ ಇದಕ್ಕೊಂದು ಶಾಲೆಯೇ ಇದೆಯಲ್ಲ. ಯಕ್ಷಗಾನದವರು ಪಾರ್ತಿಸುಬ್ಬನ ಹೆಸರು ಹೇಳಿ ಕೈಮುಗಿಯುವ ಕುಂಬಳೆ ನಿನ್ನ ಊರಿಗೆ ಎಷ್ಟು ದೂರ? ತಾಳಮದ್ದಳೆಯ ಕೂಟದಲ್ಲಿ ಭಾಗವತರು ಪದ್ಯ ಹಾಡಿ ನಿಲ್ಲಿಸುತ್ತಾರೆ. ವೇಷವಿಲ್ಲ, ಕುಣಿತವಿಲ್ಲ; ಕುಳಿತಲ್ಲೇ ಅರ್ಥಧಾರಿ ಆ ಪದ್ಯವನ್ನು ಮಾತಾಗಿಸಬೇಕು. ಅವನ ಕೈಯಲ್ಲಿ ಬರೆದ ಮಾತಿಲ್ಲ. ಪದ್ಯದ ಒಂದು ಪದ ಅವನಿಗೆ ಹಿಡಿಯದೇ ಹೋದರೆ ಎದುರು ಕೂತ ಭೀಮ ಅಲ್ಲಿಗೇ ಕೊಕ್ಕೆ ಹಾಕುತ್ತಾನೆ. ನೀನು ಮಾಡಬೇಕಾದ್ದು ಅಷ್ಟೇ. ಒಂದು ಪದ್ಯವನ್ನು ಗಟ್ಟಿಯಾಗಿ ಓದು, ಪುಸ್ತಕ ಮುಚ್ಚು, ಕೌರವನಾಗಿ ಅರ್ಥ ಹೇಳು. ತುಳುವಿನಲ್ಲೇ ಹೇಳು, ತೊಂದರೆಯಿಲ್ಲ. ಎಲ್ಲಿ ನಾಲಗೆ ತಡೆಯುತ್ತದೋ ಆ ಪದ ಮಾತ್ರ ನಿನಗೆ ಗೊತ್ತಿಲ್ಲದ್ದು. ಗೊತ್ತಿಲ್ಲದೆಯೂ ಮಾತು ಮುಂದೆ ಹೋಯಿತೆಂದರೆ ಆ ಪದ ನಾಳೆಗೆ ಕಾಯಬಹುದು. ಒಂದೇ ಎಚ್ಚರಿಕೆ: ಅರ್ಥಧಾರಿಗಳು ಎರಡು ಸಾಲಿಗೆ ಅರ್ಧ ಗಂಟೆ ಮಾತಾಡಬಲ್ಲರು, ಅದು ಅವರ ಕಲೆ. ನೀನು ಹಾಗೆ ಹಿಗ್ಗಿಸಬೇಡ. ರನ್ನ ನಾಲ್ಕು ಸಾಲಿನಲ್ಲಿ ನಿಲ್ಲಿಸಿದ್ದಕ್ಕೆ ಕಾರಣವಿದೆ.

ಹೆಸರುಗಳ ಕಾಟಕ್ಕೆ ಹೆಚ್ಚು ಸಮಯ ಕೊಡಬೇಡ. ಉರಗಪತಾಕ, ಫಣಿಕೇತನ, ಸುಯೋಧನ, ಕುರುಪತಿ ಎಲ್ಲ ಒಬ್ಬನೇ. ಪವನಸುತ, ವೃಕೋದರ ಇನ್ನೊಬ್ಬ. ಪುಸ್ತಕದ ಮೊದಲ ಖಾಲಿ ಪುಟದಲ್ಲಿ ಒಬ್ಬೊಬ್ಬರ ಹೆಸರಿನ ಕೆಳಗೆ ಬರೆದಿಟ್ಟರೆ ಮುಗಿಯಿತು. ಸುತ, ತನಯ, ನಂದನ, ಸೂನು ಅಂದರೆ ಮಗ. ಕೇತನ, ಧ್ವಜ, ಪತಾಕ ಅಂದರೆ ಬಾವುಟ. ಇಷ್ಟು ತಿಳಿದರೆ ಅರ್ಧ ಮಹಾಭಾರತದ ಹೆಸರುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಹಾವಿನ ಬಾವುಟದ ಚಕ್ರವರ್ತಿ ಎಂದು ಕರೆಯಲು ಕವಿ ಅವನು ನೀರಲ್ಲಿ ಬೆವರುವ ಗಳಿಗೆಯನ್ನೇ ಯಾಕೆ ಆರಿಸಿದ ಎಂಬುದನ್ನು ಮಾತ್ರ ಬಿಡುವಾದಾಗ ಯೋಚಿಸು. ಎಲ್ಲ ಕಡೆ ಇಂಥ ಕಾರಣ ಹುಡುಕಲೂ ಹೋಗಬೇಡ. ಕೆಲವೆಡೆ ಪ್ರಾಸಕ್ಕೋ ಮಾತ್ರೆಗೋ ಸರಿಹೊಂದಿತೆಂದು ಬಂದ ಹೆಸರೂ ಇರುತ್ತದೆ. ಈ ಕಂದದಲ್ಲೇ ನೋಡು, ನಾಲ್ಕೂ ಸಾಲಿನ ಎರಡನೆಯ ಅಕ್ಷರ ರಕಾರ. ಆ ಕಟ್ಟು ಬೇಡವೆಂದು ಪ್ರಾಸ ಬಿಟ್ಟು ಬರೆದವರು ನಿಮ್ಮ ಮಂಜೇಶ್ವರದ ಗೋವಿಂದ ಪೈಗಳೇ.

ಇನ್ನು ನಿನ್ನ ಮೂರು ಭಾಷೆಯ ವಿಷಯ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತು ಎಂದು ವ್ಯಾಕರಣದ ತರಗತಿಯಲ್ಲಿ ಬರೆದುಕೊಂಡಿರುತ್ತೀ. ಬಯಲುಸೀಮೆಯ ಹುಡುಗ ಅದನ್ನು ಸೂತ್ರವಾಗಿ ಬಾಯಿಪಾಠ ಮಾಡಬೇಕು. ನಿನಗೆ ‘ಪಗೆ’ ಎಂಬುದು ಮನೆಯಲ್ಲಿ ಕೇಳಿದ ಮಾತು. ‘ಪಡೆ’ ಓದಿದಾಗ ಮಲಯಾಳದ ‘ಪಟ’ ನೆನಪಾಗಲಿ, ಕಾದಾಟವೆಂಬ ಅರ್ಥದ ‘ಪೋರ್’ ಅದೇ ರೂಪದಲ್ಲಿ ಅಲ್ಲಿದೆ. ನೆತ್ತರ್ ನಿಮ್ಮ ನೆತ್ತೆರ್, ಬೆಮರ್ ನಿಮ್ಮ ಬೆಗರ್. ‘ನಾನು’ ಎನ್ನಲು ‘ಆನ್’ ಎಂದು ಪಾತ್ರವೊಂದು ಹೇಳಿದರೆ ಹವ್ಯಕರ ಮನೆಯ ನಿನ್ನ ಗೆಳತಿ ‘ಆನು’ ಅನ್ನುವುದನ್ನು ಕೇಳಿಸಿಕೊ.

ಇದಕ್ಕಿಂತ ದೊಡ್ಡ ಸಹಾಯ ೞಕಾರದಲ್ಲಿದೆ, ಹೊಸಗನ್ನಡ ಕೈಬಿಟ್ಟ ಆ ಹಳೆಯ ಅಕ್ಷರದಲ್ಲಿ. ಹಳಗನ್ನಡದಲ್ಲಿ ‘ಬಾಳ್’ ಕತ್ತಿ, ‘ಬಾೞ್’ ಬದುಕು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವಾಗ ಯಾವ ಪದಕ್ಕೆ ಯಾವ ಅಕ್ಷರವೆಂದು ಕೂತು ವಿಂಗಡಿಸಿ ಹೇಳಬೇಕಾಗಿತ್ತು. ಈಗ ಎರಡನ್ನೂ ಒಂದೇ ‘ಳ’ದಲ್ಲಿ ಅಚ್ಚು ಹಾಕಿದ ಪುಸ್ತಕಗಳೂ ಇವೆ, ಅಲ್ಲಿ ಕತ್ತಿಯೋ ಬದುಕೋ ಎಂದು ಸಂದರ್ಭ ನೋಡಿ ಹೇಳಬೇಕು. ನಿನ್ನ ಬಸ್ಸಿನ ಸಹಪಾಠಿಗಳಿಗೆ ಈ ಗೊಂದಲ ಗೊತ್ತೇ ಇಲ್ಲ. ಅವರಿಗೆ ‘ವಾಳ್’ ಕತ್ತಿ, ‘ವಾೞುಕ’ ಬಾಳುವುದು, ಆಳುವುದು. ಮೞೆ, ಏೞು, ಕೋೞಿ ಎಲ್ಲದರಲ್ಲೂ ಅವರ ನಾಲಗೆ ಆ ಸದ್ದನ್ನು ಉಳಿಸಿಕೊಂಡಿದೆ. ದುಃಖವೆಂಬ ಅರ್ಥದ ‘ಅೞಲ್’ ಕೂಡ ಅವರಲ್ಲಿ ಜೀವಂತ. ೞ ಹೇಗೆ ಉಚ್ಚರಿಸುವುದೆಂದು ನಿಮ್ಮ ಮೇಷ್ಟ್ರಿಗಿಂತ ಬಸ್ಸಿನ ಕಂಡಕ್ಟರ್ ಚೆನ್ನಾಗಿ ಹೇಳಿಕೊಡಬಲ್ಲ.

ಹಾಗೆಂದು ನೆರೆಯ ಭಾಷೆಯನ್ನು ಪೂರ್ತಿ ನಂಬಿ ಕೂರಬೇಡ. ರಣರಂಗದ ವರ್ಣನೆಯಲ್ಲಿ ‘ಪುಣ್’ ಕಂಡರೆ ತುಳುವಿನ ‘ಪುಣ’ ನೆನಪಾಗಿ ಹೆಣವೆಂದು ಓದಿಬಿಡುತ್ತೀ. ಅದು ಗಾಯ; ಹೆಣ ಹಳಗನ್ನಡದಲ್ಲಿ ‘ಪೆಣ’. ಗಾಯಗೊಂಡವನನ್ನು ಸಾಯಿಸಿದಂತಾಗುತ್ತದೆ. ಇಲ್ಲಿಗೆ ನಿಘಂಟು ಬೇಕು.

ನಿಘಂಟು ಅಂದರೆ ಯಾವುದು? ಕಿಸೆಗೆ ಹಿಡಿಸುವ ಶಾಲಾ ನಿಘಂಟು ಈ ಕೆಲಸಕ್ಕೆ ಬಾರದು. ಮಂಗಳೂರಿನ ಬಾಸೆಲ್ ಮಿಷನ್ 1894ರಲ್ಲಿ ಅಚ್ಚು ಹಾಕಿದ ಕಿಟ್ಟೆಲ್ ನಿಘಂಟು ನೋಡು. ಕನ್ನಡ ಪದದ ಪಕ್ಕದಲ್ಲೇ ತುಳು, ಮಲಯಾಳ, ತಮಿಳಿನ ಸೋದರ ಪದಗಳನ್ನು ಕೊಟ್ಟಿರುತ್ತಾನೆ. ಅರ್ಥ ಇಂಗ್ಲಿಷಿನಲ್ಲಿದೆ, ಹೆದರಬೇಡ. ಗುಂಡರ್ಟನ ಮಲಯಾಳ ನಿಘಂಟು ಕೂಡ 1872ರಲ್ಲಿ ಅದೇ ಮಂಗಳೂರಿನಿಂದಲೇ ಬಂದದ್ದು. ಎರಡನ್ನೂ ಎದುರುಬದುರು ಇಟ್ಟುಕೊಳ್ಳುವುದು ಕಾಸರಗೋಡಿನವರಿಗೆ ಸಿಗುವ ಸುಖ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳು ನಿಮ್ಮ ಗ್ರಂಥಾಲಯದಲ್ಲಿದ್ದರೆ ಅದರಲ್ಲಿ ಅರ್ಥ ಓದಿ ಎದ್ದು ಬರಬೇಡ, ಕೆಳಗಿನ ಪ್ರಯೋಗಗಳನ್ನು ಓದು. ಒಂದೇ ಪದವನ್ನು ಬೇರೆ ಬೇರೆ ಕವಿಗಳು ಹೇಗೆ ತಿರುಗಿಸಿದ್ದಾರೆಂದು ಅಲ್ಲಿ ಕಾಣುತ್ತದೆ. ಮತ್ತೆ, ಪದ ಸಿಗದಿದ್ದರೆ ಪಕಾರದಲ್ಲೂ ಹಕಾರದಲ್ಲೂ ನೋಡಿ ಆಮೇಲೆ ಇಲ್ಲವೆನ್ನು.

ಈಗ ನಿನ್ನ ಏಕಾಂಕ. ಸಿಟ್ಟು ಮಾಡಿಕೊಳ್ಳಬೇಡ. ಬೀಡಿ ಕಟ್ಟುವ ಅಜ್ಜಿ ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ‘ಎನ್ನ ಮನದ ಅಳಲು ಪೊಗೆಯಾಡುತಿದೆ’ ಅನ್ನುತ್ತಾಳೆ. ಹೊಸದಾಗಿ ಕಲಿತ ಪದವನ್ನು ಎಲ್ಲಿಯಾದರೂ ಹಾಕಿಬಿಡಬೇಕೆಂಬ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಅಜ್ಜಿಯ ಬಾಯಿ ಅದಕ್ಕೆ ಜಾಗವಲ್ಲ. ‘ಪುಗೆ’ ಅನ್ನು, ತುಳುವಿನಲ್ಲಿ. ಅವಳು ದಿನವೂ ಆಡುವ ಮಾತು ಅದು, ರನ್ನನ ‘ಪೊಗೆ’ಗೆ ಅಕ್ಕನೋ ತಂಗಿಯೋ. ಹಳಗನ್ನಡ ಓದಿದ್ದರ ಲಾಭ ನಿನ್ನ ಬರಹದಲ್ಲಿ ಹಳಗನ್ನಡದ ಪದವಾಗಿ ಕಾಣಬೇಕಾಗಿಲ್ಲ; ನಾಲ್ಕು ಸಾಲಿನಲ್ಲಿ ಒಬ್ಬನನ್ನು ನೀರೊಳಗೆ ಬೆವರಿಸುವುದು ಹೇಗೆ ಎಂಬ ಕಸುಬಾಗಿ ಬರಲಿ. ನಿನ್ನ ಎರಡನೆಯ ದೃಶ್ಯದಲ್ಲಿ ಮಗ ಗಲ್ಫಿನಿಂದ ಫೋನ್ ಮಾಡಿದಾಗ ಅಜ್ಜಿ ಏನೂ ಹೇಳದೆ ಬೀಡಿಯ ನೂಲು ಹಲ್ಲಿನಲ್ಲಿ ಕಡಿಯುತ್ತಾಳಲ್ಲ, ಅದು ಆ ಕಸುಬಿನ ಸಾಲು. ಅದನ್ನು ಮುಟ್ಟಬೇಡ. ಅದರ ಮುಂದಿನ ಉದ್ದ ಮಾತು ತೆಗೆದುಹಾಕು.

‘ಗದಾಯುದ್ಧ’ ಮುಗಿದ ಮೇಲೆ ಗೋವಿಂದ ಪೈಗಳ ‘ಹೆಬ್ಬೆರಳು’ ಓದು, ಏಕಲವ್ಯನ ಕಥೆ. ಅದಕ್ಕೂ ಪಟ್ಟಿ ಬೇಡ. ಏಕಾಂಕ ತಿದ್ದಿದ ಮೇಲೆ ಎರಡನೆಯ ದೃಶ್ಯವನ್ನಷ್ಟೇ ಕಳಿಸು, ಡಿಟಿಪಿ ಮಾಡಿಸಲು ದುಡ್ಡು ಹಾಕಬೇಡ, ಕೈಬರಹವೇ ಸಾಕು. ಮಳೆ ಬಿಟ್ಟ ಮೇಲೆ ಆ ಕಡೆ ಎಲ್ಲಾದರೂ ಗದಾಪರ್ವದ ಕೂಟವಿದ್ದರೆ ತಿಳಿಸು, ನಾನೂ ಬರುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ಇಂತು,
ನಿನ್ನ ಅಣ್ಣ
ಬದಿಯಡ್ಕ