ಎವೆಲಿನ್‌ಳ ಹಿಂಜರಿಕೆ: ತಮ್ಮನ ಮಗಳಿಗೆ ಒಂದು ಪತ್ರ

ಗಂಗಾವತಿ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಇತ್ತ ನಾವೆಲ್ಲರೂ ಕ್ಷೇಮ. ಪುಣೆಯ ಕೆಲಸದ ನೇಮಕಾತಿ ಪತ್ರ ಕೈಸೇರಿದ್ದರೂ ಒಪ್ಪಿಗೆ ತಿಳಿಸಲು ಮನಸ್ಸು ಬರುತ್ತಿಲ್ಲವೆಂದೂ, ಐರಿಷ್ ಲೇಖಕ ಜೇಮ್ಸ್ ಜಾಯ್ಸ್‌ನ ಕಥೆಯಲ್ಲಿ ಪ್ರಿಯಕರನೊಡನೆ ಹಡಗೇರಲು ಬಂದು ಕೊನೆಗಳಿಗೆಯಲ್ಲಿ ಹಿಂದುಳಿದ ಎವೆಲಿನ್‌ಳಂತೆ ನೀನೂ ಹೇಡಿಯೆಂದು ಅನ್ನಿಸುತ್ತಿದೆಯೆಂದೂ ಬರೆದಿದ್ದೀಯೆ. ಅವಳನ್ನಾಗಲಿ ನಿನ್ನನ್ನಾಗಲಿ ಹೇಡಿಯೆನ್ನಲು ನಾನು ಒಪ್ಪುವುದಿಲ್ಲ.

ಆ ಹುಡುಗಿಯ ದಿನಚರಿಯನ್ನು ನೆನಪಿಸಿಕೋ. ಹತ್ತೊಂಬತ್ತು ದಾಟಿದ ಅವಳು ಡಬ್ಲಿನ್‌ನ ಅಂಗಡಿಯೊಂದರಲ್ಲಿ ದುಡಿದ 7 ಶಿಲಿಂಗ್ ಕೂಲಿಯನ್ನು ಪೂರ್ತಿಯಾಗಿ ತಂದೆಯ ಕೈಗೆ ಕೊಡುತ್ತಾಳೆ. ಶನಿವಾರ ರಾತ್ರಿ ಮನೆಖರ್ಚಿಗೆಂದು ಅವನಿಂದ ಬೈಸಿಕೊಂಡು ಹಣ ಪಡೆದು, ಕರಿಯ ತೊಗಲಿನ ಪರ್ಸನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಗದ್ದಲದಲ್ಲಿ ಮೊಣಕೈಯಿಂದ ದಾರಿ ಮಾಡಿಕೊಂಡು, ಭಾನುವಾರದ ಊಟದ ಸಾಮಾನು ಹೊತ್ತು ಹೊತ್ತುಮೀರಿ ಮನೆಗೆ ಬರುತ್ತಾಳೆ. ವರ್ಷಗಟ್ಟಲೆ ವಾರಕ್ಕೊಮ್ಮೆ ಒರೆಸಿದ ಸಾಮಾನುಗಳನ್ನು ನೋಡುತ್ತ, ಇಷ್ಟೊಂದು ಧೂಳು ಎಲ್ಲಿಂದ ಬರುತ್ತದೆಯೋ ಎಂದುಕೊಳ್ಳುತ್ತಾಳೆ. ಅದನ್ನು ಓದಿದಾಗಲೆಲ್ಲ ಅಕ್ಕಿ ಗಿರಣಿಯ ಬೂದಿ ಕೂತ ಕಿಟಕಿಯನ್ನು ಬೆಳಗಾಗೆದ್ದು ಒರೆಸುವ ನಿನ್ನ ದೊಡ್ಡಮ್ಮನೇ ನನ್ನ ಕಣ್ಣಮುಂದೆ ಬರುತ್ತಾಳೆ. ಹೀಗೆ ಕೈಯಾರೆ ನೋಡಿಕೊಂಡ ಮನೆಯನ್ನು ಬಿಡುವುದು ಸುಖ ಕಂಡ ಮನೆಯನ್ನು ಬಿಡುವುದಕ್ಕಿಂತಲೂ ಕಷ್ಟ. ನಿನ್ನ ತಾಯಿ ತೀರಿಕೊಂಡಾಗಿನಿಂದ ಒಲೆಯನ್ನೂ ತಮ್ಮನ ಓದನ್ನೂ ನೋಡಿಕೊಂಡವಳು ನೀನು. ಈ ಸಂಕಟ ನಿನಗೆ ಬಾರದಿದ್ದರೆ ನನಗೆ ಆಶ್ಚರ್ಯವಾಗುತ್ತಿತ್ತು.

ಎವೆಲಿನ್ ಸಾಯುತ್ತಿದ್ದ ತಾಯಿಗೆ ಮಾತು ಕೊಟ್ಟಿದ್ದಳು: ತನ್ನಿಂದ ಆಗುವವರೆಗೂ ಮನೆಯನ್ನು ಒಡೆಯಲು ಬಿಡುವುದಿಲ್ಲವೆಂದು. ಆ ಮಾತಿಗೆ ಒಂದು ಮಿತಿಯಿತ್ತು. ಆದರೆ ಅದು ಎಲ್ಲಿಗೆ ಮುಗಿಯುತ್ತದೆಂದು ಅವಳ ಜೊತೆ ಕೂತು ಯೋಚಿಸುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಪ್ರೀತಿಯ ಅಣ್ಣ ಅರ್ನೆಸ್ಟ್ ಸತ್ತಿದ್ದ. ಇನ್ನೊಬ್ಬ ಅಣ್ಣ ಹ್ಯಾರಿ ಕೆಲಸದ ಮೇಲೆ ಸದಾ ಪರಊರಿನಲ್ಲಿರುತ್ತಿದ್ದ. ಮದುವೆಯಾಗಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ಗೆ ಕರೆದೊಯ್ಯುತ್ತೇನೆಂದಿದ್ದ ಪ್ರಿಯಕರ, ನಾವಿಕ ಫ್ರಾಂಕ್‌ನ ಜೊತೆ ಮಾತಾಡಲೇಕೂಡದೆಂದು ತಂದೆ ಕಟ್ಟಪ್ಪಣೆ ಮಾಡಿದ್ದರಿಂದ ಅವಳು ಅವನನ್ನು ಕದ್ದು ನೋಡಬೇಕಾಗಿತ್ತು. ಹೊರಡುವ ಸಂಜೆ ಹ್ಯಾರಿಗೊಂದು, ತಂದೆಗೊಂದು ಪತ್ರ ಬರೆದು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಬಳಿ ಕೂತಿರುತ್ತಾಳೆ. ತಿಂಗಳುಗಟ್ಟಲೆ ಮನೆಯವರೊಡನೆ ಆಡಬೇಕಾಗಿದ್ದ ಮಾತೆಲ್ಲವೂ ಆ ಎರಡು ಪತ್ರಗಳಲ್ಲಿ ಉಳಿದುಹೋಯಿತು; ಹಾಗಾಗಿ ನಾರ್ತ್ ವಾಲ್ ಬಂದರಿನಲ್ಲಿ ಹಡಗಿನ ಗಂಟೆ ಬಾರಿಸಿದ ಗಳಿಗೆಯಲ್ಲಿ ಎಲ್ಲ ಭಾರವೂ ಒಮ್ಮೆಗೇ ಅವಳ ಮೇಲೆ ಬಿದ್ದು, ಕಬ್ಬಿಣದ ಕಂಬಿಯನ್ನು ಹಿಡಿದ ಕೈ ಬಿಡಲಾಗದೆ ನಿಂತುಬಿಟ್ಟಳು.

ಅವಳ ಹಿಂಜರಿಕೆಯಲ್ಲಿ ವಿವೇಕವೂ ಇದ್ದಿರಬಹುದು. ಬ್ಯೂನಸ್ ಐರಿಸ್‌ನಲ್ಲಿ ಮನೆಯಿದೆಯೆಂಬುದಕ್ಕೆ ಫ್ರಾಂಕ್‌ನ ಬಾಯಿಮಾತಲ್ಲದೆ ಬೇರೆ ಆಧಾರವಿರಲಿಲ್ಲ, ಅವನನ್ನು ನಂಬದ ವಿಮರ್ಶಕರೂ ಇದ್ದಾರೆ. ಇಷ್ಟಾಗಿಯೂ, 1904ರ ಸೆಪ್ಟೆಂಬರ್‌ನಲ್ಲಿ ಈ ಕಥೆ ಅಚ್ಚಾಗಿ ತಿಂಗಳು ತುಂಬುವುದರೊಳಗೆ, ಇಪ್ಪತ್ತೆರಡರ ಜಾಯ್ಸ್ ತನ್ನ ಪ್ರೇಯಸಿ ನೋರಾ ಬಾರ್ನಕಲ್‌ಳೊಡನೆ ಅದೇ ಬಂದರಿನಿಂದ ಊರು ಬಿಟ್ಟ. ಕಂಬಿ ಹಿಡಿದು ನಿಂತವಳನ್ನು ಅವನು ಅಷ್ಟು ಮರುಕದಿಂದ ಚಿತ್ರಿಸಿದ್ದು ಆ ಭಯ ಅವನಿಗೂ ತಿಳಿದಿದ್ದರಿಂದಲೇ ಎಂಬುದು ನನ್ನ ನಂಬಿಕೆ.

ನಿನ್ನ ಸ್ಥಿತಿ ಅವಳದಲ್ಲ, ಮಗಳೇ. ನಿನ್ನಲ್ಲಿ ಲಿಖಿತ ನೇಮಕಾತಿಯಿದೆ. ಹಾಸ್ಟೆಲನ್ನು ಮುಂಚೆಯೇ ಹೋಗಿ ನೋಡಿ ಬರಬಹುದು, ನಾನೇ ಕರೆದೊಯ್ಯುತ್ತೇನೆ. ತಮ್ಮನನ್ನು ಓದಿಸುತ್ತೇನೆಂದು ತಾಯಿಗೆ ಕೊಟ್ಟ ಮಾತನ್ನು ಸಂಬಳ ಬರುವ ಕೆಲಸದಲ್ಲಿದ್ದುಕೊಂಡು ಇನ್ನೂ ಚೆನ್ನಾಗಿ ನಡೆಸಬಹುದು. ನಿನ್ನ ನಿಜವಾದ ಚಿಂತೆ ಅಪ್ಪನದೆಂದು ಬಲ್ಲೆ. ಎಡದಂಡೆ ಕಾಲುವೆಯ ಕೊನೆಯ ಭಾಗದ ಆ ಗದ್ದೆಗೆ ಅವನು ಈ ವಯಸ್ಸಿನಲ್ಲಿ ರಾತ್ರಿ ಪಾಳಿಯಲ್ಲಿ ನೀರು ತಿರುವಲು ಹೋಗುವುದು ಬೇಡ. ಈ ಸಲ ಅದನ್ನು ಲೀಜಿಗೆ ಕೊಡಿಸುತ್ತೇನೆ. ಪರೀಕ್ಷೆ ಮುಗಿಯುವವರೆಗೆ ತಮ್ಮ ನಮ್ಮ ಮನೆಯಲ್ಲಿರಲಿ, ನಿನ್ನ ದೊಡ್ಡಮ್ಮನೂ ಒಪ್ಪಿದ್ದಾಳೆ.

ಇಷ್ಟೆಲ್ಲ ಆದ ಮೇಲೂ ಹೋಗಲು ಮನಸ್ಸಿಲ್ಲವೆಂದರೆ ಉಳಿದುಕೋ, ನಾನು ಬೇಸರಪಡುವುದಿಲ್ಲ. ಆದರೆ ಆ ತೀರ್ಮಾನವನ್ನು ರೈಲು ಹೊರಡುವ ರಾತ್ರಿಗೆ ಇಟ್ಟುಕೊಳ್ಳಬೇಡ. ಬರುವ ಭಾನುವಾರ ಸಿಂಧನೂರಿಗೆ ಬರುತ್ತೇನೆ. ಅಷ್ಟರೊಳಗೆ ಅಪ್ಪನಿಗೆ ನೀನೇ ವಿಷಯ ತಿಳಿಸಿರು. ಅವನು ಸಿಟ್ಟು ಮಾಡಿದರೂ ಎದ್ದುಹೋಗದೆ ಎದುರಿಗೆ ಕೂತಿರು. ಉಳಿದದ್ದನ್ನು ಮೂವರೂ ಸೇರಿ ಮಾತಾಡೋಣ.

ಇತಿ,
ನಿನ್ನ ದೊಡ್ಡಪ್ಪ