ಮಳೆ ನಿಂತರೂ ಡ್ರೋನ್ ಯಾಕೆ ಹಾರಲಿಲ್ಲ?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ವರ್ಷ ನಮ್ಮ ಕಡೆಯ ಒಂದು ಊರಹಬ್ಬದಲ್ಲಿ, ದೀಪ ಹೊತ್ತ ಡ್ರೋನ್‌ಗಳು ಸೇರಿ ಆಕಾಶದಲ್ಲಿ ಚಿತ್ರ ಬರೆಯುವ ಡ್ರೋನ್ ಶೋ ಇತ್ತು. ರಾತ್ರಿ 7 ಗಂಟೆಗೆ ಅಂದಿದ್ದರು. ಆರೂವರೆಗೆ ಮಳೆ ಬಂತು, ಏಳೂಕಾಲಿಗೆ ನಿಂತಿತು. ಆಕಾಶದಲ್ಲಿ ನಾಲ್ಕು ನಕ್ಷತ್ರವೂ ಕಾಣಿಸಿದವು. ‘ಇನ್ನು ಹತ್ತೇ ನಿಮಿಷ’ ಎಂದು ಮೈಕಿನಲ್ಲಿ ಮೂರು ಸಲ ಹೇಳಿದರು. ಒಂಬತ್ತೂವರೆಗೆ ‘ಇವತ್ತು ಶೋ ಇಲ್ಲ’ ಎಂದರು. ಯಾಕೆ ಅಂತ ಹೇಳಲಿಲ್ಲ. ಜನ ಕೂಗಾಡಿದರು. ಒದ್ದೆ ಮೈದಾನದಲ್ಲಿ ಸಾಲಾಗಿ ಇಟ್ಟಿದ್ದ ಡ್ರೋನ್‌ಗಳನ್ನು ಕೆಲವು ಹುಡುಗರು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ತುಂಬುತ್ತಿದ್ದರು. ಅವರ ಮೇಲೆ ಯಾರೋ ನೀರಿನ ಬಾಟಲಿ ಎಸೆದರು. ನನಗೆ ಅವತ್ತು ನಿದ್ದೆ ಬರಲಿಲ್ಲ.

ನಾನೂ ಡ್ರೋನ್ ಹಾರಿಸುವವಳು. ನಮೋ ಡ್ರೋನ್ ದೀದಿ ಯೋಜನೆಯಲ್ಲಿ ನಮ್ಮ ಮಹಿಳಾ ಸ್ವಸಹಾಯ ಸಂಘಕ್ಕೆ ಬಂದ ಡ್ರೋನಿನಲ್ಲಿ ಭತ್ತ, ಕಬ್ಬಿಗೆ ಔಷಧಿ ಹೊಡೆಯುತ್ತೇನೆ. 15 ದಿನದ ತರಬೇತಿಯಲ್ಲಿ ನಮ್ಮ ತಲೆಗೆ ಹೆಚ್ಚು ತುಂಬಿದ್ದು ಗಾಳಿಯ ಪಾಠವನ್ನೇ. ಆದರೂ ಅದು ನನಗೆ ಅರ್ಥವಾಗಿದ್ದು ತೆಂಗಿನ ತೋಟದಲ್ಲಿ. ಅವತ್ತು ಕೆಳಗೆ ಒಂದು ಗರಿಯೂ ಅಲ್ಲಾಡುತ್ತಿರಲಿಲ್ಲ. ಡ್ರೋನ್ ಮರದ ತುದಿ ದಾಟಿದ ಕೂಡಲೇ ಒಂದು ಕಡೆಗೆ ವಾಲಿ ನಿಂತಿತು. ನನ್ನ ಕೈಯಲ್ಲಿದ್ದ ರಿಮೋಟಿನಲ್ಲಿ ಬ್ಯಾಟರಿ ನೋಡನೋಡುತ್ತಲೇ ಇಳಿಯುತ್ತಿತ್ತು. ನೆಲದಲ್ಲಿ ಮರ, ಮನೆ, ಗೋಡೆ ಗಾಳಿಯನ್ನು ತಡೆಯುತ್ತವೆ. ಮೇಲೆ ತಡೆಯುವುದಕ್ಕೆ ಏನಿದೆ?

ನನ್ನ ಡ್ರೋನ್ 10 ಲೀಟರ್ ಔಷಧಿ ಹೊತ್ತು ಹಾರುವ ಗಟ್ಟಿ ಯಂತ್ರ. ಶೋ ಡ್ರೋನ್ ಸಾಮಾನ್ಯವಾಗಿ ಒಂದು ಕೆ.ಜಿ.ಯನ್ನೂ ತೂಗುವುದಿಲ್ಲ. ಅದು ಸುಮಾರು 100 ಮೀಟರ್ ಎತ್ತರಕ್ಕೆ ಹೋಗಿ, ಅಕ್ಕಪಕ್ಕದ ಡ್ರೋನಿನಿಂದ ಕೆಲವೇ ಅಡಿ ದೂರದಲ್ಲಿ, ಹೇಳಿದ ಜಾಗದಲ್ಲೇ ಅಲ್ಲಾಡದೆ ನಿಲ್ಲಬೇಕು. ಗಾಳಿ ತಳ್ಳಿದಷ್ಟೂ ಅದು ಎದುರು ವಾಲಿ ಮೋಟರ್ ಜೋರಾಗಿ ತಿರುಗಿಸುತ್ತದೆ. ಹತ್ತು ಹದಿನೈದು ನಿಮಿಷಕ್ಕೆಂದು ಲೆಕ್ಕ ಹಾಕಿದ ಬ್ಯಾಟರಿ ಬೇಗ ಮುಗಿಯುತ್ತದೆ. 2023ರ ಜುಲೈ 14ರಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 500 ಡ್ರೋನ್ ಹಾರಿಸಿದರು. ಅವು ತಡೆದುಕೊಳ್ಳುವುದಕ್ಕಿಂತ ಜಾಸ್ತಿ ಗಾಳಿ ಮೇಲಿತ್ತು. 427 ಡ್ರೋನ್ ನೀರುಪಾಲಾದವು. ಕೆಳಗಿದ್ದದ್ದು ನೀರು, ಸದ್ಯ. ಅದೇ ಜಾಗದಲ್ಲಿ ನಮ್ಮ ಮಕ್ಕಳು ಕೂತಿದ್ದರೆ?

ಇನ್ನು ನಮ್ಮ ಹವಾಮಾನ. 2025ರ ದಸರೆಗೆ ಬನ್ನಿಮಂಟಪದಲ್ಲಿ ಸುಮಾರು 3,000 ಡ್ರೋನ್ ಸೇರಿ ಆಕಾಶದಲ್ಲಿ ಹುಲಿ ಬರೆದವು, ಗಿನ್ನೆಸ್ ದಾಖಲೆಯೂ ಆಯಿತು. ಹೆಮ್ಮೆಯ ವಿಷಯವೇ. ಆದರೆ ಸೆಪ್ಟೆಂಬರ್, ಅಕ್ಟೋಬರ್ ಮೈಸೂರು ಮಂಡ್ಯ ಕಡೆ ಸಂಜೆ ಮಳೆಯ ತಿಂಗಳು. ಬೆಳಿಗ್ಗೆಯೆಲ್ಲ ಸುಡುಬಿಸಿಲು, ಮೂರು ಗಂಟೆಗೆ ಮೋಡ, ಆಮೇಲೆ ಗುಡುಗು. ಮಳೆ ಎಲ್ಲೋ ಕೆ.ಆರ್. ನಗರದ ಕಡೆ ಸುರಿಯುತ್ತಿದ್ದರೂ ಅದರ ತಣ್ಣನೆ ಗಾಳಿ ಮಾತ್ರ ಇಲ್ಲಿಗೆ ನುಗ್ಗುತ್ತದೆ. ಗದ್ದೆ ಬದುವಿನ ಮೇಲೆ ಆ ಗಾಳಿ ಮುಖಕ್ಕೆ ತಾಗಿದರೆ ನಾನು ಡ್ರೋನ್ ಇಳಿಸಿಬಿಡುತ್ತೇನೆ. ಒಂದು ಹನಿಯೂ ಬಿದ್ದಿರುವುದಿಲ್ಲ, ರೈತರಿಗೆ ಸಿಟ್ಟು ಬರುತ್ತದೆ. ಇನ್ನು ಮಳೆ ನಿಂತ ಮೇಲೂ ಬ್ಯಾಟರಿ ಕೂರಿಸುವ ಜಾಗದಲ್ಲಿ ನೀರಿದ್ದರೆ ಕಷ್ಟ. ಮೋಡ ಕೆಳಕ್ಕಿಳಿದರೆ ಚಿತ್ರದ ಮೇಲರ್ಧ ಅದರೊಳಗೆ ಮುಚ್ಚಿಹೋಗುತ್ತದೆ. ಅವತ್ತು ಏನಾಗಿತ್ತೋ, ಒಂದು ಮಾತು ಹೇಳಿದ್ದರೆ ಜನಕ್ಕೆ ತಿಳಿಯುತ್ತಿತ್ತು, ಅಲ್ವಾ?

ಒಪ್ಪಿಕೊಳ್ಳಬೇಕಾದ ಒಂದು ಮಾತಿದೆ. ನನಗೆ ಎಕರೆ ಲೆಕ್ಕದಲ್ಲಿ ದುಡ್ಡು. ಹಾರಿಸದ ದಿನ ಸಂಪಾದನೆ ಇಲ್ಲ. ಎರಡು ದಿನ ಗಾಳಿಯಿಂದ ಕೆಲಸ ನಿಂತಿತ್ತು. ಮೂರನೇ ದಿನ ಗದ್ದೆಯವರು ‘ಇಷ್ಟೇ ಗಾಳಿ ತಾನೇ, ಹೊಡಿಯಮ್ಮ’ ಅಂದರು. ಹೊಡೆದೆ. ಔಷಧಿ ಪಕ್ಕದ ಹಿಪ್ಪುನೇರಳೆ ತೋಟಕ್ಕೆ ಹಾರಿತು. ಆ ಸೊಪ್ಪು ತಿಂದ ರೇಷ್ಮೆಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ತಟ್ಟೆ ತಟ್ಟೆಯೇ ಸತ್ತವು. ಇನ್ನೊಂದು ವಾರಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳು. ಆ ಮನೆಯ ಅಕ್ಕ ನನ್ನನ್ನು ಬೈಯಲಿಲ್ಲ, ಸುಮ್ನೆ ತಟ್ಟೆ ತೋರಿಸಿದರು. ಸಂಘದಿಂದ ನಷ್ಟ ಕಟ್ಟಿಕೊಟ್ಟೆವು. ಆ ದಿನ ‘ಆಗಲ್ಲ’ ಅನ್ನಬೇಕಿತ್ತು. ಅನ್ನಲಿಲ್ಲ, ದುಡ್ಡಿನ ಯೋಚನೆ ಇತ್ತು.

ಅದಕ್ಕೇ ಉತ್ಸವ ನಡೆಸುವವರಲ್ಲಿ ಕೇಳುತ್ತಿದ್ದೇನೆ. ಶೋ ಹಾರಿದರೆ ಮಾತ್ರ ದುಡ್ಡು ಎಂದು ಕರಾರು ಬರೆದರೆ, ಆ ಹುಡುಗರೂ ನನ್ನ ಹಾಗೆಯೇ ಒಂದು ದಿನ ‘ಇಷ್ಟೇ ಗಾಳಿ ತಾನೇ’ ಅಂದುಬಿಡುತ್ತಾರೆ. ಮಳೆಗಾಲದ ಹಬ್ಬಕ್ಕೆ ಇನ್ನೊಂದು ದಿನವನ್ನು ಮೊದಲೇ ಗೊತ್ತುಮಾಡಿ ಕರಪತ್ರದಲ್ಲೇ ಹಾಕಿ. ಮೇಲಿನ ಗಾಳಿ ಎಷ್ಟಿದೆ, ಎಷ್ಟಾದರೆ ಹಾರಿಸುವುದಿಲ್ಲ ಎಂಬುದನ್ನು ಮೈದಾನದ ದೊಡ್ಡ ಪರದೆಯಲ್ಲಿ ತೋರಿಸಿ. ಕ್ರಿಕೆಟ್ಟಿನಲ್ಲಿ ಮಳೆ ಬಂದರೆ ಅಂಪೈರ್ ಪಿಚ್ ನೋಡುವುದನ್ನು ನಾವು ತಾಳ್ಮೆಯಿಂದ ಕಾಯುವುದಿಲ್ಲವೇ? ಹಾರಿಸಬೇಕೋ ಬೇಡವೋ ಎನ್ನುವ ಮಾತು ಪೈಲಟ್‌ನದೇ ಆಗಿರಲಿ. ವೇದಿಕೆ ಮೇಲೆ ಕೂತ ಗಣ್ಯರು ಎದ್ದು ಹೋಗುತ್ತಾರೆ ಎಂದು ಅವಸರ ಮಾಡಬೇಡಿ.

ಈ ಸಲದ ದಸರೆಗೆ ಮಗಳನ್ನು ಕರೆದುಕೊಂಡು ಬನ್ನಿಮಂಟಪಕ್ಕೆ ಬರುತ್ತೇನೆ, ಕೊಡೆ ಹಿಡಿದುಕೊಂಡೇ. ಗಾಳಿ ಜಾಸ್ತಿ ಇದೆ, ಇವತ್ತು ಹಾರಿಸುವುದಿಲ್ಲ ಎಂದು ಮೈಕಿನಲ್ಲಿ ಹೇಳಿದರೆ ಕೊನೆಯ ಬಸ್ಸು ತಪ್ಪುವ ಮೊದಲೇ ಎದ್ದು ಊರಿಗೆ ಹೋಗುತ್ತೇವೆ.

– ಸ್ವಸಹಾಯ ಸಂಘದ ಡ್ರೋನ್ ಪೈಲಟ್, ಪಾಂಡವಪುರ ತಾಲ್ಲೂಕು