ನಿನ್ನ ಕಡೆಯವರ ಹೆಸರೂ ಬರೆದುಕೋ

ಚಿ. ಸಂಜುಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಚೆನ್ನಾಗಿದ್ದೇವೆ. ಈ ಚಳಿಗೆ ದೊಡ್ಡಪ್ಪನ ಮಂಡಿನೋವು ಸ್ವಲ್ಪ ಜಾಸ್ತಿಯಾಗಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಅರ್ಧಕ್ಕೇ ಬಾಯಿ ಹಾಕುತ್ತೀಯ, ನಾನೂ ಹಾಕುತ್ತೇನೆ. ಹಾಸನದಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಓದಿದವನು ನೀನು. ನಿಧಾನವಾಗಿ ಕೂತು ಓದು.

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ರಾಜಕೀಯದ ಮಾತಿಗೆ ಅನು ಜೊತೆ ಜಗಳವಾಗಿ ಊಟದ ಮಧ್ಯೆ ಎದ್ದು ಹೋದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಮೇಲೆ ಸಿಟ್ಟಿಲ್ಲ. ನೀನು ಕನ್ಸರ್ವೇಟಿವ್ ಅನ್ನುವುದಕ್ಕೂ ನನಗೆ ಬೇಸರವಿಲ್ಲ. ನಾನೇ 2008ರಲ್ಲಿ ರಿಪಬ್ಲಿಕನ್ ಪಕ್ಷದ ಮೆಕೇನ್‌ಗೆ ಓಟು ಹಾಕಿದವಳು, 2012ರಲ್ಲಿ ಡೆಮಾಕ್ರಟಿಕ್ ಪಕ್ಷದ ಒಬಾಮಾಗೆ. ಮನೆ, ಮಕ್ಕಳು, ದೇವರು, ದುಡಿದು ತಿನ್ನುವುದು, ಇವೆಲ್ಲ ದೊಡ್ಡವು ಅಂತ ನೀನು ಹೇಳಿದಾಗ ನಿಮ್ಮ ತಾತನೇ ಮಾತಾಡಿದಂತೆ ಕೇಳಿಸುತ್ತದೆ. ಸಾಲದ ವಿಷಯದಲ್ಲೂ ನೀನು ಹೇಳುವುದು ನಿಜ. 2025ರಲ್ಲಿ ಈ ದೇಶದ ಸಾಲ 36 ಲಕ್ಷ ಕೋಟಿ ಡಾಲರ್ ದಾಟಿತ್ತು. 2024ರಲ್ಲಿ ಬಡ್ಡಿಗೆ ಕಟ್ಟಿದ ದುಡ್ಡು ಸೈನ್ಯಕ್ಕೆ ಖರ್ಚು ಮಾಡಿದ್ದಕ್ಕಿಂತ ಹೆಚ್ಚಿತ್ತು. ಇದು ಹೆದರಬೇಕಾದ ಮಾತೇ. ಆದರೆ ಆ ಸಾಲ ಎರಡೂ ಪಕ್ಷಗಳ ಅಧ್ಯಕ್ಷರ ಕಾಲದಲ್ಲಿ ಬೆಳೆದಿದೆ. ಊಟದ ಮೇಜಿನಲ್ಲಿ ನೀನು ಹೇಳಿದ್ದು ಒಂದು ಪಕ್ಷದ ಹೆಸರು ಮಾತ್ರ.

ನಾನು 27 ವರ್ಷ ಮಾಜಿ ಸೈನಿಕರ ವೆಟರನ್ಸ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ, ನಿನಗೆ ಗೊತ್ತು. ಅಲ್ಲಿನ ಒಬ್ಬರ ಕಥೆ ನಿನಗೆ ಹೇಳೇ ಇಲ್ಲ. ವಿಯೆಟ್ನಾಂಗೆ ಹೋಗಿ ಬಂದ ಮುದುಕರು. ಸಕ್ಕರೆ ಕಾಯಿಲೆಯಿಂದ ಎರಡು ಕಾಲ್ಬೆರಳು ಹೋಗಿದ್ದವು. ವಾರಕ್ಕೆರಡು ಸಲ ಡ್ರೆಸ್ಸಿಂಗಿಗೆ ಬರುತ್ತಿದ್ದರು. ವಿಯೆಟ್ನಾಂನ ಕಾಡುಗಳ ಮೇಲೆ ನಮ್ಮವರು ಏಜೆಂಟ್ ಆರೆಂಜ್ ಅನ್ನುವ, ಎಲೆ ಉದುರಿಸುವ ವಿಷ ಸುರಿದದ್ದು 60ರ ದಶಕದಲ್ಲಿ. ಅದರಿಂದ ಕಾಯಿಲೆ ಬಂದ ಸೈನಿಕರಿಗೆ ಪರಿಹಾರದ ಕಾನೂನು ಮಾಡಿದ್ದು 1991ರಲ್ಲಿ. ಸಕ್ಕರೆ ಕಾಯಿಲೆ ಆ ಪಟ್ಟಿಗೆ ಸೇರಿದ್ದು 2001ರಲ್ಲಿ. ಅಷ್ಟು ವರ್ಷ ಅವರು ಒಂದು ತಗಡಿನ ಪೆಟ್ಟಿಗೆಯಲ್ಲಿ ಕಾಗದಪತ್ರ ಜೋಡಿಸಿಟ್ಟುಕೊಂಡು ಕಾದರು.

ಆ ಪೆಟ್ಟಿಗೆಯಲ್ಲಿ ಒಂದು ನೋಟ್‌ಬುಕ್ ಇತ್ತು. ಪ್ರತಿ ನವೆಂಬರ್ 11ಕ್ಕೆ, ಮಾಜಿ ಸೈನಿಕರ ದಿನ, ಯಾರಾದರೂ ರಾಜಕಾರಣಿ ಬಂದು ಅವರ ಕೈಕುಲುಕಿ ಫೋಟೋ ತೆಗೆಸಿಕೊಳ್ಳುತ್ತಿದ್ದರಲ್ಲ, ಆ ಹೆಸರನ್ನು ಎಡಗಡೆ ಪುಟದಲ್ಲಿ ಬರೆಯುವರು. ಬಲಗಡೆ ಪುಟದಲ್ಲಿ, ಸೈನಿಕರ ಮಸೂದೆ ಬಂದಾಗ ಆ ಮನುಷ್ಯ ಯಾವ ಕಡೆ ಮತ ಹಾಕಿದ ಅಂತ. ಅವರು ಜೀವಮಾನವಿಡೀ ರಿಪಬ್ಲಿಕನ್. ಆದರೆ ಆ ಪುಟಗಳಲ್ಲಿ ಇದ್ದವರಲ್ಲಿ ರಿಪಬ್ಲಿಕನ್ನರೇ ಜಾಸ್ತಿ. ಯಾಕೆ ಅಂತ ಕೇಳಿದೆ. "ಎದುರು ಪಕ್ಷದವರ ತಪ್ಪು ಹೇಳುವುದಕ್ಕೆ ಟಿವಿ ಇದೆ. ನಮ್ಮವರದ್ದು ನಾನೇ ಬರೆದಿಡಬೇಕು. ನಾನು ಓಟು ಹಾಕುವುದು ಇವರಿಗೇ ಅಲ್ವಾ?" ಅಂದರು.

ಸಂಜು, ಈ ಪತ್ರದಲ್ಲಿ ನಾನು ನಿನಗೆ ಹೇಳಬೇಕಾದ್ದು ಇಷ್ಟೇ. ಎದುರಿನವರಿಗೆ ಕೇಳುವ ಪ್ರಶ್ನೆಯನ್ನು ನಿನ್ನವರಿಗೂ ಕೇಳು. ಸೈನ್ಯಕ್ಕೆ ಸೇರುವಾಗ ನೀನು ಕೈ ಎತ್ತಿ ಪ್ರಮಾಣ ಮಾಡಿದಾಗ ನಾನೂ ನಿಮ್ಮಮ್ಮನೂ ಅಲ್ಲೇ ನಿಂತಿದ್ದೆವು. ಸಂವಿಧಾನವನ್ನು ಕಾಪಾಡುತ್ತೇನೆ ಅಂತ ಹೇಳಿದೆ. ಯಾವ ಪಕ್ಷದ ಹೆಸರೂ ಆ ಮಾತಿನಲ್ಲಿ ಇರಲಿಲ್ಲ.

ಕಾಬೂಲ್ ವಿಷಯಕ್ಕೆ ಬರುತ್ತೇನೆ. ನಿನ್ನ ಸಿಟ್ಟಿನ ಬೇರು ಅಲ್ಲಿದೆ. 2021ರ ಆಗಸ್ಟ್ 26ರಂದು ಅಲ್ಲಿನ ವಿಮಾನ ನಿಲ್ದಾಣದ ಅಬ್ಬಿ ಗೇಟ್ ಹತ್ತಿರ ಬಾಂಬು ಸಿಡಿದು 13 ಅಮೆರಿಕನ್ ಯೋಧರು ಸತ್ತರು. ಅಲ್ಲಿ ಸತ್ತ ಆಫ್ಘನ್ನರು ಅವರಿಗಿಂತ ಎಷ್ಟೋ ಪಟ್ಟು ಜಾಸ್ತಿ. ಆ ರಾತ್ರಿ ನೀನು ನಮ್ಮ ಮನೆಯ ಹಿಂದಿನ ಮೆಟ್ಟಿಲ ಮೇಲೆ ಬೆಳಗಾಗುವವರೆಗೆ ಕೂತಿದ್ದೆ. ನಾನು ಕಾಫಿ ತಂದಿಟ್ಟು ಒಳಗೆ ಹೋದೆ. ಏನು ಹೇಳಬೇಕು ಅಂತಲೇ ತಿಳಿಯಲಿಲ್ಲ. ಬೈಡನ್ ಸರ್ಕಾರ ಆ ಸೈನ್ಯ ವಾಪಸಾತಿಯನ್ನು ಕೆಟ್ಟದಾಗಿ ನಡೆಸಿತು ಅಂತ ನೀನು ಹೇಳುತ್ತೀಯ. ನನಗೂ ಹಾಗೇ ಅನಿಸುತ್ತದೆ. ಅದನ್ನು ಮುಚ್ಚಿಡುವವರ ಜೊತೆ ನಾನಿಲ್ಲ.

ಆದರೆ ಪೂರ್ತಿ ಪುಟ ಬರೆ. ತಾಲಿಬಾನಿನ ಜೊತೆ ದೋಹಾದಲ್ಲಿ ಒಪ್ಪಂದಕ್ಕೆ ಸಹಿ ಬಿದ್ದದ್ದು 2020ರ ಫೆಬ್ರವರಿ 29ಕ್ಕೆ, ಟ್ರಂಪ್ ಕಾಲದಲ್ಲಿ. ಆಫ್ಘನ್ ಸರ್ಕಾರವನ್ನು ಆ ಮಾತುಕತೆಗೆ ಸೇರಿಸಲೇ ಇಲ್ಲ. 5,000 ತಾಲಿಬಾನ್ ಕೈದಿಗಳ ಬಿಡುಗಡೆಯ ಮಾತು, 2021ರ ಮೇ 1ರೊಳಗೆ ನಮ್ಮ ಸೈನ್ಯ ಹೊರಡುವ ಮಾತು, ಎರಡೂ ಅದರಲ್ಲೇ ಇದ್ದವು. ಅದಕ್ಕೂ ಹಿಂದೆ ಬುಷ್, ಒಬಾಮಾ. ನಾಲ್ಕು ಅಧ್ಯಕ್ಷರು, ಇಬ್ಬರು ಇತ್ತ, ಇಬ್ಬರು ಅತ್ತ.

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡುತ್ತದೆ. ಈ ಯುದ್ಧಕ್ಕೆ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಒಪ್ಪಿಗೆ ಕೊಟ್ಟದ್ದು 2001ರ ಸೆಪ್ಟೆಂಬರ್ 14ರಂದು. 60 ಪದಗಳ ಒಂದು ವಾಕ್ಯ. ಸೆನೆಟಿನಲ್ಲಿ 98 ಮತ, ವಿರೋಧ ಸೊನ್ನೆ. ಕೆಳಮನೆಯಲ್ಲಿ 420 ಪರ, 1 ವಿರೋಧ. ಆ ಒಂದು ಮತ ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಅವರದು, ಸೇನಾಧಿಕಾರಿಯ ಮಗಳು. ಆ ದಿನ ನಿನಗೆ ಐದು ವರ್ಷ, ಹಾಸನದಲ್ಲಿ ಎಲ್‌ಕೆಜಿಗೆ ಹೋಗುತ್ತಿದ್ದೆ. ಅದೇ ಒಪ್ಪಿಗೆಯ ಮೇಲೆ 21ನೇ ವಯಸ್ಸಿನಲ್ಲಿ ನಿನ್ನನ್ನು ಆಫ್ಘಾನಿಸ್ತಾನದ ಬಗ್ರಾಮ್ ಸೇನಾ ನೆಲೆಗೆ ಕಳಿಸಿದರು. ನಡುವೆ ಕಾಂಗ್ರೆಸ್ ಆ ಯುದ್ಧಕ್ಕೆ ಹೊಸದಾಗಿ ಒಪ್ಪಿಗೆ ಕೊಡಲೇ ಇಲ್ಲ. ಯುದ್ಧ ಸಾರುವ ಅಧಿಕಾರ ಕಾಂಗ್ರೆಸ್‌ನದು ಅಂತ ಸಂವಿಧಾನದಲ್ಲೇ ಬರೆದಿದೆ. ಸಂವಿಧಾನ ಬರೆದಂತೆ ನಡೆಯಬೇಕು ಅನ್ನುವವನು ನೀನು. ಹಾಗಾದರೆ ಇದು ನಿನ್ನ ಪ್ರಶ್ನೆಯಾಗಬೇಕು. ಅಧ್ಯಕ್ಷ ನಿನ್ನ ಪಕ್ಷದವನಾದಾಗಲೂ ಕೇಳಬೇಕು, ಆಗಲೇ ಜಾಸ್ತಿ ಕೇಳಬೇಕು.

ನಿನ್ನ ಕೆಮ್ಮಿನ ವಿಷಯ. ಬಗ್ರಾಮ್‌ನಲ್ಲಿ ಕಸ ಸುಡುವ ಗುಂಡಿಯ (ಬರ್ನ್ ಪಿಟ್) ಹೊಗೆ ಕುಡಿದವನು ನೀನು. 2022ರ ಜುಲೈನಲ್ಲಿ, ಇಂಥ ಹೊಗೆಯಿಂದ ಕಾಯಿಲೆ ಬಿದ್ದ ಯೋಧರಿಗೆ ನೆರವು ಕೊಡುವ ಪ್ಯಾಕ್ಟ್ ಕಾಯ್ದೆ ಸೆನೆಟಿನಲ್ಲಿ ನಿಂತುಹೋಯಿತು. ಜೂನ್‌ನಲ್ಲಿ ಹೌದು ಅಂದಿದ್ದ ಇಪ್ಪತ್ತಕ್ಕೂ ಹೆಚ್ಚು ರಿಪಬ್ಲಿಕನ್ ಸೆನೆಟರ್‌ಗಳು ತಿರುಗಿ ಬಿದ್ದರು. ದುಡ್ಡಿನ ಲೆಕ್ಕ ತೋರಿಸುವ ರೀತಿ ಸರಿಯಿಲ್ಲ ಅನ್ನುವುದು ಅವರ ತಕರಾರು. ಕಾಯಿಲೆ ಬಿದ್ದ ಯೋಧರೂ ಅವರ ಮನೆಯವರೂ ಬಿಸಿಲು ಮಳೆಯಲ್ಲಿ ಕ್ಯಾಪಿಟಲ್ ಮೆಟ್ಟಿಲ ಮೇಲೆ ಮಲಗಿದರು. ಆಗಸ್ಟ್ 2ಕ್ಕೆ 86–11ರಲ್ಲಿ ಪಾಸಾಯಿತು. ಇದನ್ನೂ ಬಲಗಡೆ ಪುಟದಲ್ಲಿ ಬರೆದುಕೋ. ಮತ್ತೆ, ದಯವಿಟ್ಟು ಆ ಕಾಯ್ದೆಯಡಿ ಕ್ಲೈಮ್ ಹಾಕು. "ಸರ್ಕಾರದ ದುಡ್ಡು ನನಗೆ ಬೇಡ" ಅನ್ನುತ್ತೀಯ. ಅದು ಭಿಕ್ಷೆ ಅಲ್ಲ ಮಗು, ಸರ್ಕಾರ ನಿನಗೆ ಕೊಡಬೇಕಾದ ಬಾಕಿ. ಹೀಗೇ ಬೇಡ ಬೇಡ ಅಂದುಕೊಂಡು ತಡವಾಗಿ ಬಂದವರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ.

ವಲಸೆಯ ಬಗ್ಗೆ ನೀನು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ದೇಶ ಅಂದ ಮೇಲೆ ಗಡಿ ಇರಬೇಕು, ಕಾಯಬೇಕು. ನಾನೂ ಸಾಲಿನಲ್ಲಿ ನಿಂತು ಬಂದವಳು. ಆದರೆ ಸಾಲೇ ಇಲ್ಲದ ಕಾಲವೂ ಇತ್ತು. ಭಗತ್ ಸಿಂಗ್ ಥಿಂಡ್ ಅಂತ ಒಬ್ಬ ಸಿಖ್ಖರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಸೇರಿದವರು. 1918ರಲ್ಲಿ ಯೂನಿಫಾರಂನಲ್ಲೇ ನಿಂತು ಪೌರತ್ವ ಪಡೆದರು. ನಾಲ್ಕೇ ದಿನಕ್ಕೆ ಕಿತ್ತುಕೊಂಡರು. ಮತ್ತೆ ಪಡೆದರು. 1923ರಲ್ಲಿ ಸುಪ್ರೀಂ ಕೋರ್ಟ್ "ಇವರು ಬಿಳಿಯರಲ್ಲ" ಅಂತ ತೀರ್ಪು ಕೊಟ್ಟಿತು, ಆ ಪೌರತ್ವವೂ ಹೋಯಿತು. ಕೊನೆಗೆ ದಕ್ಕಿದ್ದು 1936ರಲ್ಲಿ, ಮಾಜಿ ಸೈನಿಕರಿಗೆಂದು ಹಿಂದಿನ ವರ್ಷ ಕಾಂಗ್ರೆಸ್ ಮಾಡಿದ ಕಾನೂನಿನಿಂದ. ಭಾರತದಿಂದ ವಲಸೆ ಬರಲು ಬಿಟ್ಟ 1946ರ ಕಾನೂನು ಬಂದ ಮೇಲೂ ಇಡೀ ಭಾರತಕ್ಕೆ ವರ್ಷಕ್ಕೆ 100 ಜನ. ಬಾಗಿಲು ನಿಜವಾಗಿ ತೆರೆದದ್ದು 1965ರಲ್ಲಿ. ಅದು ತೆರೆಯದಿದ್ದರೆ ನಾನಿಲ್ಲ, ನಿಮ್ಮಮ್ಮ ಇಲ್ಲ, ನಿನ್ನ ಯೂನಿಫಾರಂ ಇಲ್ಲ.

ಇಷ್ಟಕ್ಕೂ ನೀನು ಇದನ್ನು ಮನಸ್ಸಿನಲ್ಲಿ ಬಲ್ಲವನೇ. ನಿನ್ನ ಆಫ್ಘನ್ ದುಭಾಷಿಗೋಸ್ಕರ ಎಷ್ಟು ಪತ್ರ ಬರೆದೆ! ನಿನ್ನ ಪಕ್ಷದವರೇ ಮುಖ ತಿರುಗಿಸಿದಾಗಲೂ ಬರೆದೆ. ಅಂಥವರಿಗೆ ಇಲ್ಲೇ ನೆಲೆ ಕೊಡುವ ಮಸೂದೆ 2022ರಲ್ಲಿ ಬಂತು, ಆ ಸಲ ಪಾಸಾಗಲಿಲ್ಲ. ಆ ವಿಷಯ ಮಾತಾಡುವಾಗ ನಿನ್ನ ಧ್ವನಿ ಬೇರೆಯೇ ಇರುತ್ತದೆ. ಕಿರುಚುವುದಿಲ್ಲ. ಗೊತ್ತಿರುವುದನ್ನು ಹೇಳುತ್ತೀಯ. ನನಗೆ ಆ ಸಂಜು ಇಷ್ಟ.

ಈಗ ಅವತ್ತು ಅನು ಜೊತೆ ಆದ ಜಗಳ. "ನೀನು ಸೈನ್ಯಕ್ಕೆ ಹೋಗಿದ್ದೀಯಾ? ನಿನಗೆ ಈ ದೇಶದ ಮೇಲೆ ಪ್ರೀತಿ ಇಲ್ಲ" ಅಂದೆ ಅವಳಿಗೆ. ನಿನ್ನ ತಲೆ ಕೆಡಿಸಿದ್ದಾರೆ ಅಂತ ಅವಳು ಅಂದದ್ದೂ ತಪ್ಪು, ಅವಳಿಗೂ ಬೈದಿದ್ದೇನೆ. ಯುದ್ಧ, ಹೊಗೆ, ದುಭಾಷಿ ಇವುಗಳ ಬಗ್ಗೆ ನೀನು ಮಾತಾಡಿದರೆ ನಾವೆಲ್ಲ ಬಾಯಿ ಮುಚ್ಚಿ ಕೇಳಬೇಕು. ಆದರೆ ಶಾಲೆಯ ತೆರಿಗೆ, ಆಮದು ಸುಂಕ, ಗರ್ಭಪಾತದ ಕಾನೂನು, ಇಲ್ಲೆಲ್ಲ ನಿನ್ನ ವಾದ ಅದರ ಬಲದ ಮೇಲೇ ನಿಲ್ಲಬೇಕು. ಯೂನಿಫಾರಂ ತಂದು ಮೇಜಿನ ಮೇಲೆ ಇಡಬೇಡ.

ಮೆಕೇನ್ ವಿಯೆಟ್ನಾಂ ಯುದ್ಧದಲ್ಲಿ ಸಿಕ್ಕಿಬಿದ್ದು ಹನೋಯ್‌ನಲ್ಲಿ ಐದೂವರೆ ವರ್ಷ ಸೆರೆಯಲ್ಲಿದ್ದವರು. 2008ರ ಅಕ್ಟೋಬರ್‌ನಲ್ಲಿ ಮಿನೆಸೋಟಾದ ಸಭೆಯೊಂದರಲ್ಲಿ ಒಬ್ಬ ಹೆಂಗಸು ಒಬಾಮಾ ಅರಬ್, ಅವರನ್ನು ನಂಬಲಾರೆ ಅಂದಳು. ಮೆಕೇನ್ ಮೈಕ್ ತೆಗೆದುಕೊಂಡು ಇಲ್ಲಮ್ಮ, ಅವರು ಮರ್ಯಾದಸ್ಥರು, ಸಂಸಾರಸ್ಥರು, ನಮ್ಮಿಬ್ಬರಿಗೂ ಅಭಿಪ್ರಾಯಭೇದ ಇದೆ ಅಷ್ಟೇ ಅಂದರು. ಅವರ ಸ್ವಂತ ಜನರೇ ಕೂಗಾಡಿದರು. ನಾನು ಅದನ್ನು ಟಿವಿಯಲ್ಲಿ ನೋಡಿದೆ. ನನ್ನ ಓಟು ಅವತ್ತೇ ತೀರ್ಮಾನವಾಯಿತು.

ಟೌನ್‌ಶಿಪ್ ಟ್ರಸ್ಟಿ ಚುನಾವಣೆಗೆ ನಿಲ್ಲುವ ಯೋಚನೆ ಇದೆ ಅಂತ ನಿಮ್ಮಮ್ಮ ಹೇಳಿದಳು. ನಿಲ್ಲು. ರಸ್ತೆ, ಅಗ್ನಿಶಾಮಕ, ಸ್ಮಶಾನ, ಇದೇ ಅಲ್ಲಿನ ಕೆಲಸ. ಹಿಮ ಬಿದ್ದ ಬೆಳಿಗ್ಗೆ ರಸ್ತೆ ತೆರೆಯಿತೋ ಇಲ್ಲವೋ ಅಂತ ಜನ ನೋಡುತ್ತಾರೆ, ಟಿವಿಯಲ್ಲಿ ಯಾರ ಪರ ಕೂಗಿದೆ ಅಂತಲ್ಲ. ಮನೆ ಮನೆಗೆ ಹೋಗುವಾಗ ನಾನೂ ಬರುತ್ತೇನೆ. ಓಟಿನ ವಿಷಯ ಆಮೇಲೆ ನೋಡೋಣ, ನಿನ್ನ ಪುಟವನ್ನೂ ಓದಬೇಕಲ್ಲ.

ನಿದ್ದೆ ಬರದ ರಾತ್ರಿ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ನನ್ನ ಹತ್ತಿರ ಹೇಳಲಾಗದಿದ್ದರೆ 988 ಒತ್ತಿ ಆಮೇಲೆ 1 ಒತ್ತು, ಮಾಜಿ ಸೈನಿಕರ ಸಹಾಯವಾಣಿ ಅದು. ಅಲ್ಲಿ ಕೂರುವವರಲ್ಲಿ ಸೈನ್ಯದಿಂದ ಬಂದವರೂ ಇದ್ದಾರೆ.

ಮುಂದಿನ ಭಾನುವಾರ ಅನು ಬರುತ್ತಾಳೆ. ನೀನೂ ಬಾ. ಅಕ್ಕಿ ರೊಟ್ಟಿ, ಅವರೆಕಾಳು ಹುಳಿ ಮಾಡುತ್ತೇನೆ. ಬರುವಾಗ ಕ್ಲೈಮಿನ ಕಾಗದ, ಸೈನ್ಯದಿಂದ ಬಿಡುಗಡೆಯಾದ ಪತ್ರ ಎರಡನ್ನೂ ತಾ. ಊಟವಾದ ಮೇಲೆ ಕೂತು ತುಂಬೋಣ.

ಇತಿ,
ನಿನ್ನ ದೊಡ್ಡಮ್ಮ